ಯುದ್ಧ ಬೇಡವೆಂದು ಸ್ಟೇಟಸ್ ಹಾಕಿದರೆ ಅಪರಾಧವೇ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಮ್ಮದು ಬೆಳಗಾವಿ ಜಿಲ್ಲೆಯ ಹಳ್ಳಿ. ಓಣಿಗೆ ಇಬ್ಬರಾದರೂ ಸೈನ್ಯದಲ್ಲಿದ್ದಾರೆ. ನನ್ನ ಸೋದರಮಾವ ನಿವೃತ್ತ ಹವಾಲ್ದಾರ್. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಕಾದಾಟ ನಡೆದಾಗ ‘ಯುದ್ಧ ಬೇಡ, ಎರಡೂ ಕಡೆ ಸಾಯುವವರು ಬಡವರ ಮಕ್ಕಳೇ’ ಎಂದು ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದ್ದೆ. ಅಂದಿನಿಂದ ನಾನು ಊರಿಗೆ ದೇಶದ್ರೋಹಿ. ಹಿರಿಯರು ಗುಡಿಯ ಕಟ್ಟೆಗೆ ಕರೆಸಿ, ಎಲ್ಲರೆದುರು ಕ್ಷಮೆ ಕೇಳದಿದ್ದರೆ ಪೊಲೀಸರಿಗೆ ದೂರು ಕೊಡುತ್ತೇವೆ ಎಂದಿದ್ದಾರೆ. ನನ್ನ ಮೇಲೆ ಪ್ರಕರಣ ನಿಲ್ಲುತ್ತದೆಯೇ?

ಉತ್ತರ: ನೀವು ಬರೆದಿರುವ ಸಾಲು ಅಷ್ಟೇ ಆಗಿದ್ದರೆ ನಿಲ್ಲಬಾರದು. ನಿಮ್ಮ ಪಕ್ಕದ ಕೊಲ್ಹಾಪುರ ಜಿಲ್ಲೆಯದೇ ಉದಾಹರಣೆ ಇದೆ. ಅಲ್ಲಿನ ಪ್ರಾಧ್ಯಾಪಕ ಜಾವೇದ್ ಅಹ್ಮದ್ ಹಜಾಮ್ ಅವರು 370ನೇ ವಿಧಿಯ ರದ್ದತಿಯನ್ನು ಖಂಡಿಸಿ, ಪಾಕಿಸ್ತಾನಕ್ಕೆ ಸ್ವಾತಂತ್ರ್ಯ ದಿನದ ಶುಭಾಶಯ ಕೋರಿ ಸ್ಟೇಟಸ್ ಹಾಕಿದ್ದರು. ನಿಮ್ಮ ಮಾತಿಗಿಂತ ಎಷ್ಟೋ ಖಾರವಾದದ್ದು. ಅವರ ಮೇಲಿನ ಪ್ರಕರಣವನ್ನು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಕಾನೂನಿನ ಮಿತಿಯೊಳಗೆ ಭಿನ್ನಮತ ಸೂಚಿಸುವುದು ವಾಕ್ ಸ್ವಾತಂತ್ರ್ಯದ ಭಾಗವೇ ಎಂದಿತು. 2025ರ ಮಾರ್ಚ್‌ನಲ್ಲಿ ಕವಿ, ಸಂಸದ ಇಮ್ರಾನ್ ಪ್ರತಾಪ್‌ಗಢಿ ಅವರ ಕವಿತೆಯ ಪ್ರಕರಣದಲ್ಲಿ, ಒಂದು ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ ವಿವೇಕಿಯ ಅಳತೆಯಿಂದ ನೋಡಬೇಕು, ಎಲ್ಲದಕ್ಕೂ ಬೆದರುವವನ ಅಳತೆಯಿಂದಲ್ಲ ಎಂದೂ ಹೇಳಿತು.

ಆದರೆ ದೂರೇ ದಾಖಲಾಗುವುದಿಲ್ಲ ಎಂಬ ಭರವಸೆಯನ್ನು ನಾನು ಕೊಡಲಾರೆ. ಆ ಪ್ರಾಧ್ಯಾಪಕರು ಹೈಕೋರ್ಟಿನಲ್ಲಿ ಸೋತು ದೆಹಲಿಯವರೆಗೆ ಹೋಗಬೇಕಾಯಿತು. ದೇಶದ ಸಾರ್ವಭೌಮತೆ, ಏಕತೆಗೆ ಅಪಾಯ ತರುವ ಕೃತ್ಯಗಳ ಕುರಿತ, ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿ ಬದಲಿಗೆ ಬಂದ ದಂಡ ಕಾಯ್ದೆ) 152ನೇ ಕಲಂಗೆ ಜೀವಾವಧಿಯವರೆಗೂ ಶಿಕ್ಷೆಯಿದೆ. ದೂರು ಬರೆಯುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಸರ್ಕಾರದ ಕ್ರಮಗಳನ್ನು ಕಾನೂನುಬದ್ಧ ದಾರಿಯಲ್ಲಿ ಬದಲಿಸಬೇಕೆಂದು ಟೀಕಿಸುವುದಕ್ಕೆ ಅದೇ ಕಲಂನ ವಿವರಣೆಯಲ್ಲಿ ರಕ್ಷಣೆ ಇದೆ ಎಂಬುದನ್ನು ಯಾರೂ ಓದುವುದಿಲ್ಲ. ನಿಮ್ಮ ವಕೀಲರು ಅದನ್ನು ಓದಿಸಲಿ. ಠಾಣೆಯಿಂದ ಬಾಯಿಮಾತಿನ ಕರೆ ಬಂದರೆ ಲಿಖಿತ ನೋಟಿಸ್ ಕೇಳಿ, ಒಬ್ಬರೇ ಹೋಗಬೇಡಿ. ಆ ಸ್ಟೇಟಸ್‌ನ ಸ್ಕ್ರೀನ್‌ಶಾಟ್ ನಿಮ್ಮ ಬಳಿ ಇರಲಿ. ಬರೆಯದ ಮಾತನ್ನು ನಾಳೆ ನಿಮ್ಮ ಹೆಸರಿಗೆ ಹಚ್ಚಬಹುದು. ಸೇನೆಯ ಚಲನವಲನ, ಸತ್ತವರ ಸಂಖ್ಯೆ ಎಂದು ಬರುವ ಸಂದೇಶಗಳನ್ನು ಮಾತ್ರ ಖಂಡಿತ ಮುಂದಕ್ಕೆ ಕಳಿಸಬೇಡಿ. ಸುಳ್ಳು ಸುದ್ದಿಗೆ 353ನೇ ಕಲಂ ಬೇರೆಯೇ ಇದೆ.

ಮರುಪ್ರಶ್ನೆ: ಕೇಸಿಗಿಂತ ಊರಿನದೇ ಭಯ. ಡೇರಿಯಲ್ಲಿ ನಮ್ಮ ಹಾಲು ಹಾಕಿಸಿಕೊಳ್ಳುವುದಿಲ್ಲ ಎನ್ನುತ್ತಿದ್ದಾರೆ. ಕ್ಷಮೆ ಕೇಳಿಬಿಡಲೇ?

ಉತ್ತರ: ಅಭಿಪ್ರಾಯಕ್ಕಾಗಿ ಕ್ಷಮೆ ಕೇಳಬೇಡಿ. ಸೈನಿಕರ ಮನೆಯವರಿಗೆ ನೋವಾಗಿದ್ದರೆ ಅದಕ್ಕೆ ವಿಷಾದವಿದೆ ಎನ್ನಿ, ಅದು ಬೇರೆ ಮಾತು. ಕೇರಳದ ಶಾಲೆಯೊಂದರಿಂದ 1985ರಲ್ಲಿ ಮೂವರು ಮಕ್ಕಳನ್ನು ಹೊರಹಾಕಿದ್ದರು. ರಾಷ್ಟ್ರಗೀತೆ ಹಾಡುವುದು ಅವರ ಧಾರ್ಮಿಕ ನಂಬಿಕೆಗೆ ವಿರುದ್ಧವಾಗಿತ್ತು; ಆದರೆ ಗೀತೆ ನಡೆಯುವಾಗ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು. 1986ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಆ ಎದ್ದು ನಿಲ್ಲುವಿಕೆಗೆ ತೀರ್ಪಿನಲ್ಲಿ ದೊಡ್ಡ ತೂಕವಿತ್ತು. ನಿಮ್ಮೂರಿನಲ್ಲೂ ಸಿಟ್ಟು ಇರುವುದು ಯುದ್ಧದ ಕುರಿತ ನಿಮ್ಮ ವಿಚಾರಕ್ಕಲ್ಲ, ತಮ್ಮ ಮಕ್ಕಳನ್ನು ನೀವು ಹಗುರವಾಗಿ ಕಂಡಿರಿ ಎಂಬ ಅನುಮಾನಕ್ಕೆ ಎಂದು ನನಗನ್ನಿಸುತ್ತದೆ.

ಆದ್ದರಿಂದ ಕಟ್ಟೆಗೆ ಹೋಗುವ ಮೊದಲು ಸೋದರಮಾವನ ಮನೆಗೆ ಹೋಗಿ. ಎಷ್ಟೋ ನಿವೃತ್ತ ಸೈನಿಕರು ಯುದ್ಧವನ್ನು ನಮಗಿಂತ ಹೆಚ್ಚು ದ್ವೇಷಿಸುವುದನ್ನು ನಾನು ನೋಡಿದ್ದೇನೆ. ಅವರು ಒಪ್ಪದೆಯೂ ಇರಬಹುದು. ಕಟ್ಟೆಯಲ್ಲಿ ನಿಮ್ಮ ಪಕ್ಕದಲ್ಲಿ ಕೂತರೂ ಸಾಕು.

ಹಾಲಿನ ವಿಷಯದಲ್ಲಿ ಸುಮ್ಮನಿರಬೇಡಿ. ನೀವು ಸಂಘದ ಸದಸ್ಯರಾಗಿದ್ದರೆ, ಹಾಲು ನಿರಾಕರಿಸಿದ ದಿನವೇ ಕಾರಣವನ್ನು ಬರಹದಲ್ಲಿ ಕೊಡುವಂತೆ ಕಾರ್ಯದರ್ಶಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ಅದರ ಪ್ರತಿಯೊಂದಿಗೆ ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ದೂರು ಸಲ್ಲಿಸಿ.