ಎಂಟನೇ ಕ್ಲಾಸಿನ ಮಗಳನ್ನು ಟ್ಯೂಷನ್‌ಗೆ ಹಾಕಲೇಬೇಕಾ?

ವಿನೋಬನಗರದ ಅಮ್ಮ:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಮಕ್ಕಳನ್ನು ಓದಿಸುತ್ತಿರುವವರು ಸ್ವಲ್ಪ ಹೇಳಿ. ಮಗಳು ಎಂಟನೇ ಕ್ಲಾಸು. ಏಳರವರೆಗೆ ರಿಪ್ಪನ್‌ಪೇಟೆ ಹತ್ತಿರ ನಮ್ಮೂರಿನ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಈ ವರ್ಷ ಯಜಮಾನರ ಕೆಲಸಕ್ಕೆ ಅಂತ ಇಲ್ಲಿಗೆ ಬಂದೆವು, ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದೆವು. ಮೊದಲ ಟೆಸ್ಟಿನಲ್ಲಿ ಗಣಿತಕ್ಕೆ 20ಕ್ಕೆ 6 ಬಂದಿದೆ. ಕನ್ನಡ, ಸಮಾಜ ಎಲ್ಲ ಪರವಾಗಿಲ್ಲ.

ಅವಳ ಕ್ಲಾಸಿನಲ್ಲಿ ಮುಕ್ಕಾಲು ಪಾಲು ಮಕ್ಕಳು ಟ್ಯೂಷನ್‌ಗೆ ಹೋಗುತ್ತಾರಂತೆ. ಪಕ್ಕದ ಮನೆಯವರು ಹೇಳಿದ ಜಾಗಕ್ಕೆ ಹೋಗಿ ನೋಡಿದೆ. ಸಂಜೆ ಐದೂವರೆಯಿಂದ ಎಂಟು, ಎಲ್ಲ ವಿಷಯ ಸೇರಿ ತಿಂಗಳಿಗೆ 2,500. ಒಂದು ಹಾಲಿನಲ್ಲಿ ನಲವತ್ತು ಮಕ್ಕಳಾದರೂ ಇದ್ದರು, ಎಂಟು ಒಂಬತ್ತು ಹತ್ತು ಎಲ್ಲ ಒಟ್ಟಿಗೆ. ಇವಳು ಹೋಗಲ್ಲ ಅಂತ ಹಟ ಹಿಡಿದಿದ್ದಾಳೆ. ನಾನು ಪಿಯುಸಿ ಆರ್ಟ್ಸ್, ಲೆಕ್ಕ ಹೇಳಿಕೊಡಲು ಬರುವುದಿಲ್ಲ. ಈಗಿನಿಂದಲೇ ಹಾಕದಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಒದ್ದಾಡಬೇಕಾಗುತ್ತೆ ಅಂತ ಎಲ್ಲರೂ ಹೆದರಿಸುತ್ತಾರೆ. ನಿಜವಾಗಿ ಉಪಯೋಗ ಇದೆಯಾ, ಅಥವಾ ಸುಮ್ನೆ ಎಲ್ಲರೂ ಹೋಗುತ್ತಾರೆ ಅಂತ ಹೋಗುವುದಾ?

ಗೋಪಾಳದವನು:

ಹಾಕಿಬಿಡಿ ಅಕ್ಕ, ಜಾಸ್ತಿ ಯೋಚನೆ ಮಾಡಬೇಡಿ. ಮನೆಯಲ್ಲಿದ್ದರೆ ಮೊಬೈಲು, ಟಿವಿ. ಅಲ್ಲಿ ಎರಡು ಗಂಟೆ ಪುಸ್ತಕದ ಮುಂದಾದರೂ ಕೂರುತ್ತಾರೆ. ನನ್ನ ಮಗ ಆರನೇ ಕ್ಲಾಸಿನಿಂದ ಹೋಗುತ್ತಿದ್ದಾನೆ, ಹೋಮ್‌ವರ್ಕ್ ತಲೆನೋವು ನಮಗಿಲ್ಲ.

ತೀರ್ಥಹಳ್ಳಿ ಕಡೆಯ ಗಣಿತ ಮೇಷ್ಟ್ರು:

ಗೋಪಾಳದವರೇ, ಬೇಜಾರಾಗಬೇಡಿ. ಹೋಮ್‌ವರ್ಕ್ ಮುಗಿಯುವುದು ಬೇರೆ, ಲೆಕ್ಕ ಬರುವುದು ಬೇರೆ. ಟ್ಯೂಷನ್‌ನಲ್ಲಿ ಬೋರ್ಡ್ ಮೇಲೆ ಬರೆದದ್ದನ್ನು ನೋಡಿ ಇಳಿಸಿಕೊಂಡು ಬಂದ ಹೋಮ್‌ವರ್ಕ್ ನಮ್ಮ ಕಣ್ಣಿಗೆ ತಕ್ಷಣ ಬೀಳುತ್ತೆ. ಹತ್ತು ಮಕ್ಕಳದ್ದೂ ಒಂದೇ ಥರ, ತಪ್ಪು ಕೂಡ ಒಂದೇ ಸಾಲಿನಲ್ಲಿ!

ಅಮ್ಮನವರಿಗೆ ನಾನು ಹೇಳುವುದು ಇಷ್ಟು. 6 ಯಾಕೆ ಬಂತು ಅಂತ ಮೊದಲು ನೋಡಿ, ಟ್ಯೂಷನ್ ಆಮೇಲೆ. ಎಂಟನೇ ಕ್ಲಾಸಿನಲ್ಲಿ ಗಣಿತ ಕೈಕೊಟ್ಟರೆ ತೊಂದರೆ ಎಂಟನೇ ಕ್ಲಾಸಿನ ಪಾಠದಲ್ಲೇ ಇರುವುದು ಕಡಿಮೆ. ನಾನು ನೋಡಿದ ಮಟ್ಟಿಗೆ ಅದು ಐದು, ಆರರಲ್ಲಿ ಬಿಟ್ಟುಹೋದ ಭಿನ್ನರಾಶಿ, ಇಲ್ಲ ಅಂದರೆ ಋಣ ಸಂಖ್ಯೆ. ಇವತ್ತು ಸಂಜೆ ಮಗಳಿಗೆ ಒಂದು ಹಾಳೆಯಲ್ಲಿ ಇದನ್ನು ಬರೆದುಕೊಡಿ: 1/2 + 1/3 ಎಷ್ಟು? –7 + 3 ಎಷ್ಟು? 3 – (–4) ಎಷ್ಟು? ಮೊದಲನೆಯದಕ್ಕೆ 2/5 ಅಂತ ಬರೆದರೆ ಭಿನ್ನರಾಶಿ ಗೊತ್ತಿಲ್ಲ ಅಂತ ಅರ್ಥ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಬಿಟ್ಟಿದ್ದಾಳೆ. ಅರ್ಧ ರೊಟ್ಟಿಗೆ ಇನ್ನೂ ಸ್ವಲ್ಪ ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುತ್ತಾ ಅಂತ ಕೇಳಿ, ಅವಳೇ ನಗುತ್ತಾಳೆ. ಸರಿ ಉತ್ತರ 5/6. ಉಳಿದ ಎರಡಕ್ಕೆ –4 ಮತ್ತು 7. ಇದು ಗಟ್ಟಿ ಇಲ್ಲದೆ ಭಾಗಲಬ್ಧ ಸಂಖ್ಯೆ, ಬೀಜೋಕ್ತಿ, ಸಮೀಕರಣ ಯಾವುದೂ ತಲೆಗೆ ಹೋಗುವುದಿಲ್ಲ. ನಲವತ್ತು ಮಕ್ಕಳ ಟ್ಯೂಷನ್‌ನಲ್ಲಿ ಎಂಟರ ಪಾಠವನ್ನೇ ಇನ್ನೊಂದು ಸಲ ಹೇಳುತ್ತಾರೆ. ಅದು ಶಾಲೆಯಲ್ಲೂ ಅರ್ಥ ಆಗಲಿಲ್ಲ, ಅಲ್ಲೂ ಆಗುವುದಿಲ್ಲ. ಹುಡುಗಿ ನನಗೆ ಲೆಕ್ಕ ಬರಲ್ಲ ಅಂತ ತೀರ್ಮಾನ ಮಾಡಿಬಿಡುತ್ತಾಳೆ, ಅದು ಜಾಸ್ತಿ ಅಪಾಯ.

ಇನ್ನೊಂದು, ಮಾಧ್ಯಮ ಬದಲಾಗಿದೆ ಅಂದಿರಿ. ಟೆಸ್ಟ್ ಪೇಪರಿನ ಒಂದು ಲೆಕ್ಕವನ್ನು ಕನ್ನಡದಲ್ಲಿ ಹೇಳಿ, ಮಾಡಲು ಕೊಡಿ. ಮಾಡಿದರೆ ಅವಳಿಗೆ ಗಣಿತ ಬರುತ್ತೆ, ಪ್ರಶ್ನೆ ಅರ್ಥ ಆಗುತ್ತಿಲ್ಲ ಅಷ್ಟೆ. ಅದಕ್ಕೆ ಬೇಕಾಗಿರುವ ಮದ್ದೇ ಬೇರೆ.

ಎಸ್ಸೆಸ್ಸೆಲ್ಸಿ ಬಗ್ಗೆ ಈಗಲೇ ಹೆದರಬೇಡಿ. ಒಟ್ಟು 625 ಅಂಕ, ಗಣಿತ 100, ಅದರಲ್ಲಿ 20 ಶಾಲೆಯ ಆಂತರಿಕ ಮೌಲ್ಯಮಾಪನದ್ದು. 2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬೇರೆ ಇದೆ. ಹತ್ತನೇ ಕ್ಲಾಸಿಗೆ ಹೆಚ್ಚಿನ ಶಾಲೆಗಳಲ್ಲಿ ಬೆಳಗ್ಗೆ ಸಂಜೆ ವಿಶೇಷ ತರಗತಿ ಮಾಡುತ್ತೇವೆ, ಅದಕ್ಕೆ ದುಡ್ಡಿಲ್ಲ.

ಹೊಸನಗರದ ಅಡಿಕೆ ಮನೆ:

ನಮ್ಮ ಕಡೆ ಈ ಪ್ರಶ್ನೆಯೇ ಬರುವುದಿಲ್ಲ ನೋಡಿ. ಶಾಲೆ ಬಿಟ್ಟ ಮೇಲಿನ ಬಸ್ಸು ತಪ್ಪಿದರೆ ಮುಂದಿನದು ಕತ್ತಲೆಗೆ. ಟ್ಯೂಷನ್‌ಗೆ ಅಂತ ಪೇಟೆಯಲ್ಲಿ ನಿಂತರೆ ವಾಪಸ್ ಕರೆದುಕೊಂಡು ಬರಲು ಅಪ್ಪ ಬೈಕ್ ತೆಗೆಯಬೇಕು. ಜುಲೈ ಮಳೆಯಲ್ಲಿ ಡಿಸಿ ಸಾಹೇಬರು ಶಾಲೆಗೇ ರಜೆ ಕೊಡುತ್ತಾರೆ, ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತೆ, ಆನ್‌ಲೈನ್ ಕ್ಲಾಸ್ ಕಥೆ ಅಲ್ಲಿಗೆ ಮುಗಿಯಿತು. ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾದರೆ ರಾತ್ರಿ ಅಡಿಕೆ ಸುಲಿಯಲು ಮಕ್ಕಳೂ ಕೂರುತ್ತಾರೆ. ಆದರೂ ನಮ್ಮೂರಿನ ಮಕ್ಕಳು ಪಾಸಾಗುತ್ತಿದ್ದಾರೆ, ಕೆಲವರು ಶೇಕಡಾ 90ರ ಮೇಲೆ. ಅಂದಮಾತ್ರಕ್ಕೆ ಟ್ಯೂಷನ್ ಬೇಡ ಅಂತ ನಾನು ಹೇಳುವುದಿಲ್ಲ. ಬಿದ್ದವರನ್ನು ಎತ್ತುವವರು ಇಲ್ಲಿ ಯಾರೂ ಇಲ್ಲ, ಅದೂ ನಿಜ. ಮೇಷ್ಟ್ರು ಒಳ್ಳೆಯವರು ಸಿಕ್ಕರೆ ಪುಣ್ಯ, ಖಾಲಿ ಹುದ್ದೆ ಆದರೆ ಇಡೀ ವರ್ಷ ಗಣಿತ ಇಲ್ಲ.

ಮನೆಪಾಠದ ಟೀಚರ್:

ನಾನು ದುರ್ಗಿಗುಡಿ ಹತ್ತಿರ ಮನೆಯಲ್ಲೇ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ. ಅನ್ನ ಕೊಡುವ ಕೆಲಸದ ಬಗ್ಗೆ ನಾನೇ ಮಾತಾಡುತ್ತಿದ್ದೇನೆ ಅಂತ ಗೊತ್ತಿಟ್ಟುಕೊಂಡೇ ಓದಿ. ಮೇಷ್ಟ್ರು ಹೇಳಿದ್ದು ಸರಿ, ಆದರೆ ನಮ್ಮ ಕಷ್ಟವನ್ನೂ ಕೇಳಿ. ಹಿಂದಿನ ಕ್ಲಾಸಿನ ಭಿನ್ನರಾಶಿಯಿಂದ ಶುರು ಮಾಡುತ್ತೇನೆ ಅಂದರೆ ಅಪ್ಪ ಅಮ್ಮ ಒಪ್ಪುವುದಿಲ್ಲ. ಮುಂದಿನ ತಿಂಗಳು ಟೆಸ್ಟ್ ಇದೆ ಮೇಡಂ, ಸಿಲಬಸ್ ಮುಗಿಸಿ ಅನ್ನುತ್ತಾರೆ. ಅಂಕ ಬರದಿದ್ದರೆ ಬೇರೆ ಕಡೆ ಹಾಕುತ್ತಾರೆ. ಹಾಗಾಗಿ ಬಹಳ ಜನ ಪ್ರಶ್ನೋತ್ತರ ಬಾಯಿಪಾಠ ಮಾಡಿಸಿ ಕಳಿಸುತ್ತಾರೆ. ಅಂಕ ಬರುತ್ತೆ ಕೂಡ. ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದಾಗ ಬಣ್ಣ ಬಯಲು.

ಟ್ಯೂಷನ್ ಹುಡುಕುವವರು ಫೀಸ್ ಕೇಳುವ ಮೊದಲು ಬ್ಯಾಚಿನಲ್ಲಿ ಎಷ್ಟು ಮಕ್ಕಳು, ಎಲ್ಲರೂ ಒಂದೇ ಕ್ಲಾಸಿನವರಾ, ನನ್ನ ಮಗುವಿಗೆ ಏನು ಬರುವುದಿಲ್ಲ ಅಂತ ಹೇಗೆ ಕಂಡುಹಿಡಿಯುತ್ತೀರಿ ಅಂತ ಕೇಳಿ. ಕೊನೆಯದಕ್ಕೆ ಉತ್ತರ ಇಲ್ಲದಿದ್ದರೆ ಎದ್ದು ಬನ್ನಿ. ಎಂಟನೇ ಕ್ಲಾಸಿಗೇ ನೀಟ್ ಫೌಂಡೇಶನ್ ಅಂತ ಯಾರಾದರೂ ಅಂದರೆ ಅಲ್ಲಿಂದಲೂ ಎದ್ದು ಬನ್ನಿ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಲ್ಲೇ ಕೋಚಿಂಗ್ ಸೆಂಟರುಗಳು 16 ವರ್ಷದ ಒಳಗಿನವರನ್ನು ಸೇರಿಸಿಕೊಳ್ಳಬಾರದು ಅಂತ ಇದೆ.

ಮತ್ತೆ ಶಾಲೆಯ ಟೀಚರೇ ಸಂಜೆ ನಮ್ಮ ಮನೆಗೆ ಕಳಿಸಿ ಅಂದರೆ ಹುಷಾರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ನನ್ನ ಅಕ್ಕನ ಮಗನ ಶಾಲೆಯಲ್ಲಿ (ಹೆಸರು ಬೇಡ) ಮನೆಪಾಠಕ್ಕೆ ಬರುವ ಮಕ್ಕಳಿಗೆ ಟೆಸ್ಟಿನ ಪ್ರಶ್ನೆ ಮೊದಲೇ ಗೊತ್ತಾಗುತ್ತಿತ್ತು. ಇನ್ನು ಅಂಕ ಬರದೆ ಏನು?

ಸಾಗರದವನು, ಈಗ ಬೆಂಗಳೂರು:

ಹಳ್ಳಿ ಮಕ್ಕಳ ಓದಿನ ಬಗ್ಗೆ ಸಮೀಕ್ಷೆ ಮಾಡುವ ಅಸರ್ ವರದಿ ನೋಡಿದ್ದೀರಾ ಯಾರಾದರೂ? ದೇಶದ ಹಳ್ಳಿಗಳಲ್ಲಿ ಒಂದರಿಂದ ಎಂಟನೇ ಕ್ಲಾಸಿನವರೆಗಿನ ಮಕ್ಕಳಲ್ಲಿ ದುಡ್ಡು ಕೊಟ್ಟು ಟ್ಯೂಷನ್‌ಗೆ ಹೋಗುವವರು 2018ರಲ್ಲಿ ಶೇ. 26.4 ಇದ್ದರು, 2022ಕ್ಕೆ ಶೇ. 30.5 ಆದರು. ಬಿಹಾರ, ಬಂಗಾಳದಲ್ಲಿ ಆಗ ಶೇ. 70 ದಾಟಿತ್ತು. ಎಲ್ಲರೂ ಹೋಗುತ್ತಾರೆ ಅನ್ನುವುದು ಊರಿಂದ ಊರಿಗೆ ಬದಲಾಗುವ ಮಾತು ಅಂತ ಇದರಲ್ಲೇ ಗೊತ್ತಾಗುತ್ತೆ.

ಕಲಿಕೆ ಹೆಚ್ಚುತ್ತಾ ಅನ್ನುವುದಕ್ಕೆ ನನಗೆ ನೆನಪಾಗುವುದು ಮುಂಬೈ ಮತ್ತು ವಡೋದರಾದಲ್ಲಿ ಪ್ರಥಮ್ ಸಂಸ್ಥೆ ನಡೆಸಿದ ಬಾಲಸಖಿ ಕಾರ್ಯಕ್ರಮ. ಅದನ್ನು ಅಳೆದು ನೋಡಿದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದರು, 2019ರಲ್ಲಿ ನೊಬೆಲ್ ಬಂತಲ್ಲ, ಅವರೇ. ಮೂರು ನಾಲ್ಕನೇ ಕ್ಲಾಸಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಹದಿನೈದು ಇಪ್ಪತ್ತರ ಗುಂಪು ಮಾಡಿ, ಅದೇ ಬಡಾವಣೆಯ ಓದಿದ ಯುವತಿಯರ ಹತ್ತಿರ ದಿನಕ್ಕೆ ಎರಡು ಗಂಟೆ ಬಿಟ್ಟರು. ಅದೂ ಶಾಲೆಯ ಸಮಯದಲ್ಲೇ. ದೊಡ್ಡ ಡಿಗ್ರಿ ಇರಲಿಲ್ಲ ಅವರಿಗೆ. ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಶುರು ಮಾಡಿದರು ಅಷ್ಟೆ. ಅಂಕ ಚೆನ್ನಾಗಿಯೇ ಏರಿತು, ಜಾಸ್ತಿ ಲಾಭ ಆದದ್ದು ತೀರಾ ಹಿಂದಿದ್ದವರಿಗೆ. ಆದರೆ ಕಾರ್ಯಕ್ರಮ ಬಿಟ್ಟ ಒಂದು ವರ್ಷಕ್ಕೆ ಆ ಲಾಭದ ಬಹುಪಾಲು ಕರಗಿತು, ಅದನ್ನೂ ಹೇಳಬೇಕು. ಹಾಗಾಗಿ ಎರಡು ತಿಂಗಳು ಕಳಿಸಿ, ಅಂಕ ಬಂದ ತಕ್ಷಣ ಬಿಡಿಸಿ, ಮರೆತುಬಿಡುವುದೂ ಸರಿ ಅಲ್ಲ.

ಗೋಪಾಳದವನು:

ಮೇಷ್ಟ್ರೇ, ನಿಮ್ಮ 1/2 + 1/3 ಮಗನಿಗೆ ಕೊಟ್ಟೆ. 2/5 ಬರೆದ. ಮೂರನೇ ವರ್ಷ ಟ್ಯೂಷನ್ ಫೀಸ್ ಕಟ್ಟುತ್ತಿದ್ದೇನೆ. ಏನು ಹೇಳಲಿ.

ವಿನೋಬನಗರದ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮವಳು ಋಣ ಸಂಖ್ಯೆ ಎರಡೂ ಸರಿ ಮಾಡಿದಳು. ಭಿನ್ನರಾಶಿಗೆ ಸ್ವಲ್ಪ ಹೊತ್ತು ತಗೊಂಡು 5/6 ಅಂದಳು. ಆಮೇಲೆ ಟೆಸ್ಟ್ ಪೇಪರಿನ ಲೆಕ್ಕಗಳನ್ನು ಯಜಮಾನರು ಡಿಕ್ಷನರಿ ಇಟ್ಟುಕೊಂಡು ಹೇಗೋ ಕನ್ನಡದಲ್ಲಿ ಹೇಳಿದರು. ತಪ್ಪಾಗಿದ್ದವುಗಳಲ್ಲಿ ಹೆಚ್ಚಿನವು ಮಾಡಿಬಿಟ್ಟಳು! ಪೇಪರಿನಲ್ಲಿ ಎರಡು ಪ್ರಶ್ನೆ ಖಾಲಿಯೇ ಬಿಟ್ಟಿದ್ದಳು, ಯಾಕೆ ಅಂದರೆ ಏನು ಕೇಳಿದ್ದಾರೆ ಅಂತಲೇ ಗೊತ್ತಾಗಲಿಲ್ಲವಂತೆ. ಟೀಚರ್ ಹತ್ತಿರ ಕೇಳಲು ನಾಚಿಕೆ, ಬೇರೆ ಮಕ್ಕಳು ನಗುತ್ತಾರಂತೆ. ಆ ನಲವತ್ತು ಜನರ ಟ್ಯೂಷನ್‌ಗೆ ಹೋಗಲ್ಲ ಅಂದದ್ದೂ ಅದಕ್ಕೇ. ಈಗ ಏನು ಮಾಡಲಿ ಮೇಷ್ಟ್ರೇ? ಇದಕ್ಕೂ ಟ್ಯೂಷನ್ ಬೇಕಾ?

ತೀರ್ಥಹಳ್ಳಿ ಕಡೆಯ ಗಣಿತ ಮೇಷ್ಟ್ರು:

ಗಣಿತಕ್ಕೆ ಬೇಡ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಂಟನೇ ಕ್ಲಾಸಿನ ಗಣಿತ ಪುಸ್ತಕ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಸಿಗುತ್ತೆ. ಇಂಗ್ಲಿಷ್ ಪುಸ್ತಕ ಶಾಲೆಯದ್ದೇ ಇರುತ್ತೆ, ಕನ್ನಡದ್ದನ್ನು ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಿಸಿ. ಪಾಠ ಮಾಡುವ ಹಿಂದಿನ ರಾತ್ರಿ ಆ ಅಧ್ಯಾಯವನ್ನು ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಅದೇ ಪುಟ ಇಂಗ್ಲಿಷಿನಲ್ಲಿ ಓದಲಿ. ಒಂದು ನೋಟ್‌ಬುಕ್ಕಿನಲ್ಲಿ ಹೊಸ ಪದ ಬರೆದುಕೊಳ್ಳಲಿ. ಕ್ಲಾಸ್ ಟೀಚರನ್ನು ನೀವೇ ಒಂದು ಸಲ ನೋಡಿ, ಕನ್ನಡ ಮಾಧ್ಯಮದಿಂದ ಬಂದಿದ್ದಾಳೆ ಅಂತ ಹೇಳಿ. ಎಷ್ಟೋ ಸಲ ನಮಗೆ ಅದು ಗೊತ್ತೇ ಇರುವುದಿಲ್ಲ. ವಿಜ್ಞಾನದಲ್ಲೂ ಇದೇ ಕಥೆ ಇರಬಹುದು, ಆ ಪೇಪರನ್ನೂ ತೆಗೆದು ನೋಡಿ.

ಮನೆಪಾಠದ ಟೀಚರ್:

ಅರ್ಧವಾರ್ಷಿಕ ಪರೀಕ್ಷೆಯವರೆಗೆ ಮೇಷ್ಟ್ರು ಹೇಳಿದ್ದನ್ನೇ ಮಾಡಿ ಅಮ್ಮ. ಆಮೇಲೂ ಇಂಗ್ಲಿಷ್ ತೊಡಕು ಅನ್ನಿಸಿದರೆ ಇಂಗ್ಲಿಷ್ ಒಂದಕ್ಕೇ, ಐದಾರು ಮಕ್ಕಳಿರುವ ಕಡೆ ನೋಡಿ. ಗೋಪಾಳದವರೇ, ಮಗನ ಟ್ಯೂಷನ್ ಟೀಚರಿಗೆ ಆ 2/5 ಹಾಳೆ ತೋರಿಸಿ, ಏನು ಹೇಳುತ್ತಾರೆ ಕೇಳಿ. ಇಲ್ಲೂ ಬಂದು ಬರೆಯಿರಿ.