‘ಪ್ರಭುವೇ’ ಎಂದು ಕರೆಯುವುದು ಪಿತನನ್ನೋ, ಕ್ರಿಸ್ತರನ್ನೋ?

ಪ್ರಶ್ನೆ: ಕಥೋಲಿಕರ ಬಲಿಪೂಜೆಯ (ಮಾಸ್) ಆರಂಭದ ಪ್ರಾರ್ಥನೆ ‘ಪ್ರಭುವೇ’ ಎಂದು ಶುರುವಾಗಿ ‘ನಮ್ಮ ಪ್ರಭು ಯೇಸುಕ್ರಿಸ್ತರ ಮೂಲಕ’ ಎಂದು ಮುಗಿಯುತ್ತದೆ. ಪ್ರಭುವನ್ನೇ ಕರೆದು ಪ್ರಭುವಿನ ಮೂಲಕವೇ ಬೇಡಿದಂತಾಗಲಿಲ್ಲವೇ? ಕ್ರಿಸ್ತರನ್ನು ನೇರವಾಗಿ ಕರೆಯುವುದು ಎಲ್ಲಿ?

ಉತ್ತರ 1: ಮೊದಲ ಪದ ನೋಡಿ ತೀರ್ಮಾನಿಸಬೇಡಿ, ಕೊನೆಯ ಸಾಲು ನೋಡಿ. ‘ನಿಮ್ಮ ಪುತ್ರರಾದ ಕ್ರಿಸ್ತರ ಮೂಲಕ’ ಎಂದಿದ್ದರೆ ಕರೆದದ್ದು ಪಿತನನ್ನು, ಅಂದರೆ ತಂದೆಯಾದ ದೇವರನ್ನು. ಬಲಿಪೀಠದ ಬಳಿ ಪ್ರಾರ್ಥನೆ ಸದಾ ಪಿತನಿಗೇ ಸಲ್ಲಬೇಕೆಂದು 397ರ ಕಾರ್ತೇಜ್ ಸಭೆಯೇ (ಉತ್ತರ ಆಫ್ರಿಕಾದ ಧರ್ಮಾಧ್ಯಕ್ಷರ ಸಭೆ) ವಿಧಿಸಿತ್ತು. ರೋಮನ್ ವಿಧಿಯಲ್ಲಿ (ರೋಮಿನ ಪೂಜಾಪದ್ಧತಿಯಲ್ಲಿ) ಇಂದಿಗೂ ವಾಡಿಕೆ ಅದೇ. ಅಪವಾದಗಳಿವೆ. ಕ್ರಿಸ್ತರ ಪವಿತ್ರ ಶರೀರ ಮತ್ತು ರಕ್ತದ ಹಬ್ಬದ ಆರಂಭ ಪ್ರಾರ್ಥನೆ ‘ದೇವರೇ’ ಎಂದೇ ತೊಡಗಿದರೂ ಮುಂದೆ ‘ನಿಮ್ಮ ಯಾತನೆಯ ಸ್ಮರಣೆ’ ಎನ್ನುತ್ತದೆ. ಯಾತನೆ ಪಟ್ಟವರು ಪುತ್ರ, ಹಾಗಾಗಿ ಇಲ್ಲಿ ‘ದೇವರೇ’ ಅಂದರೆ ಕ್ರಿಸ್ತರೇ. ಮುಕ್ತಾಯವೂ ಬದಲಾಗಿ, ‘ಪಿತನೊಡನೆ ಪವಿತ್ರಾತ್ಮರ ಐಕ್ಯದಲ್ಲಿ ಜೀವಿಸಿ ಆಳುವವರು ನೀವು’ ಎಂಬ ಅರ್ಥ ಬರುತ್ತದೆ. ಅಭ್ಯಾಸಬಲದಿಂದ ‘ಕ್ರಿಸ್ತರ ಮೂಲಕ’ ಅಂದುಬಿಟ್ಟರೆ ಕ್ರಿಸ್ತರನ್ನು ಅವರ ಮೂಲಕವೇ ಬೇಡಿದಂತೆ! ಡಿಸೆಂಬರ್ 24ರ ಬೆಳಗಿನ ಪೂಜೆಯ ‘ಬೇಗ ಬನ್ನಿ, ತಡಮಾಡಬೇಡಿ, ಪ್ರಭು ಯೇಸುವೇ’ ಎಂಬ ಪ್ರಾರ್ಥನೆಯಲ್ಲಿ ಮಾತ್ರ ಗೊಂದಲಕ್ಕೆ ಎಡೆಯಿಲ್ಲ.

ಉತ್ತರ 2: ನೇರ ಸಂಬೋಧನೆ ಹೆಚ್ಚಾಗಿ ಜನರ ಬಾಯಲ್ಲೇ ಇದೆ. ಶುಭಸಂದೇಶದ ವಾಚನಕ್ಕೆ ಮೊದಲು ‘ಪ್ರಭುವೇ, ನಿಮಗೆ ಮಹಿಮೆ’, ಮುಗಿದ ಮೇಲೆ ‘ಕ್ರಿಸ್ತರೇ, ನಿಮಗೆ ಸ್ತುತಿ’. ಮಹಿಮಾಗೀತೆ (ಗ್ಲೋರಿಯಾ) ಪಿತನಿಂದ ಆರಂಭವಾಗಿ ನಡುವೆ ಏಕೈಕ ಪುತ್ರನತ್ತ ತಿರುಗುತ್ತದೆ. ರೊಟ್ಟಿ ಮುರಿಯುವಾಗಿನ ‘ದೇವರ ಕುರಿಮರಿಯೇ’ ಸೇರಿದ್ದು 7ನೇ ಶತಮಾನದ ಕೊನೆಗೆ, ಒಂದನೇ ಸೆರ್ಜಿಯುಸ್ ಜಗದ್ಗುರುಗಳ (ಪೋಪ್) ಕಾಲದಲ್ಲಿ. ವಿಚಿತ್ರವೆಂದರೆ, ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಪವಿತ್ರೀಕರಿಸುವ ಪರಮಪ್ರಸಾದದ ಮಹಾಪ್ರಾರ್ಥನೆ ಇಡಿಯಾಗಿ ಪಿತನಿಗೆ. ಅದರ ನಡುವೆ ಜನರ ಘೋಷಣೆಯೊಂದು ಮಾತ್ರ ‘ನಿಮ್ಮ ಮರಣವನ್ನು ಸಾರುತ್ತೇವೆ’ ಎಂದು ಕ್ರಿಸ್ತರಿಗೆ!

ಉತ್ತರ 3: ಹೆಚ್ಚು ಎಡವುವುದು ‘ಕೀರಿಯೆ’ಯಲ್ಲಿ, ಅಂದರೆ ‘ಪ್ರಭುವೇ, ದಯೆತೋರಿ’ ಎಂಬ ಮೊರೆಯಲ್ಲಿ. ಮೂರು ಸಲ ಬರುವುದರಿಂದ ಪಿತ, ಸುತ, ಪವಿತ್ರಾತ್ಮ ಎಂದು ಹಂಚಿಬಿಡುತ್ತಾರೆ. ಆದರೆ ಪೂಜೆಯ ಆರಂಭದ ಪಶ್ಚಾತ್ತಾಪ ವಿಧಿಯ ಮೂರನೇ ರೂಪದಲ್ಲಿ ಈ ಮೊರೆಯೊಡನೆ ಬರುವ ಮೂರು ವಾಕ್ಯಗಳೂ ಕ್ರಿಸ್ತರಿಗೇ. ಅವು ನಮ್ಮ ತಪ್ಪಿನ ಪಟ್ಟಿಯಾಗಿರದೆ ಅವರ ಕಾರ್ಯದ ಸ್ತುತಿಯಾಗಿರಬೇಕು. ಆ ವಾಕ್ಯಗಳನ್ನು ನೀವೇ ರಚಿಸುವುದಾದರೆ ‘ನಾವು ನೆರೆಯವರನ್ನು ಕಡೆಗಣಿಸಿದ್ದಕ್ಕಾಗಿ’ ಎಂದು ಬರೆಯಬೇಡಿ; ‘ಜಜ್ಜಿದ ಹೃದಯಗಳನ್ನು ಗುಣಪಡಿಸಲು ಬಂದ ಪ್ರಭುವೇ’ ಎಂಬಂತೆ ಬರೆಯಿರಿ. ಅಂದಹಾಗೆ, ಶಾಂತಿಯ ಪ್ರಾರ್ಥನೆಯನ್ನು ಗುರುಗಳು ಗಟ್ಟಿಯಾಗಿ ಹೇಳುವುದೂ ನೇರವಾಗಿ ಕ್ರಿಸ್ತರಿಗೇ, ಅಲ್ಲಿಯೂ ಮುಕ್ತಾಯ ‘ಜೀವಿಸಿ ಆಳುವವರು ನೀವು’ ಎಂದು.