ಪದಚರ್ಚೆ: ಆಂಟೆನಾ ಡೈವರ್ಸಿಟಿಗೆ ‘ವೈವಿಧ್ಯ’ ಹೊಂದುತ್ತದೆಯೇ?

ಎಲ್ಲರಿಗೂ ಶರಣು.

ಕಲಬುರಗಿಯಲ್ಲಿ ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳಿಗಾಗಿ ವೈರ್‌ಲೆಸ್ ಕುರಿತು ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಫೇಡಿಂಗ್ (ಸಿಗ್ನಲ್ ಬಲ ಹೆಚ್ಚುಕಡಿಮೆಯಾಗುವುದು), ಡೈವರ್ಸಿಟಿ (ಒಂದೇ ಸಿಗ್ನಲನ್ನು ಒಂದಕ್ಕಿಂತ ಹೆಚ್ಚು ಆಂಟೆನಾಗಳಿಂದ ಹಿಡಿಯುವುದು), ಸ್ವಿಚ್ ಆ್ಯಂಡ್ ಸ್ಟೇ (ಆ ಆಂಟೆನಾಗಳ ನಡುವೆ ಬದಲಿಸುವ ಒಂದು ವಿಧಾನ) ಎಂಬ ಮೂರು ಮಾತಿಗೆ ಪದ ಬೇಕಾಗಿದೆ. ಮೊದಲೆರಡಕ್ಕೆ ‘ಮಾಸುವಿಕೆ’, ‘ವೈವಿಧ್ಯ’ ಎಂದು ಬರೆದುಬಿಡಬಹುದು. ಆದರೆ ಎರಡೂ ಓದುವವರ ದಾರಿ ತಪ್ಪಿಸುತ್ತವೆ ಎಂಬುದು ನನ್ನ ಅನಿಸಿಕೆ.

ಮಾಸಿದ ಬಟ್ಟೆಯ ಬಣ್ಣ ಮರಳಿ ಬರುವುದಿಲ್ಲ. ರೇಡಿಯೊ ಅಲೆಯ ಫೇಡಿಂಗ್ ಹಾಗಲ್ಲ. ಗೋಡೆ, ತಗಡು, ವಾಹನಗಳಿಗೆ ಬಡಿದು ಹಲವು ದಾರಿಯಲ್ಲಿ ಬಂದ ಅಲೆಗಳು ಒಂದೆಡೆ ಕೂಡಿದಾಗ ಸಿಗ್ನಲ್ ಬಲವಾಗುತ್ತದೆ. ಒಂದನ್ನೊಂದು ಅಳಿಸಿಕೊಂಡ ಕಡೆ ಕುಸಿಯುತ್ತದೆ. ವೈಫೈನ 2.4 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಅದರ ಅರ್ಧದಷ್ಟು, ಅಂದರೆ ಆರು ಸೆಂಟಿಮೀಟರ್ ಸರಿದರೂ ಸತ್ತ ಸಿಗ್ನಲ್ ಎದ್ದು ಬರಬಹುದು. ‘ಕ್ಷೀಣನ’ ಕೂಡ ಬೇಡ, ದೂರ ಹೆಚ್ಚಿದಂತೆ ಅಲೆ ಸೊರಗುವುದಕ್ಕೆ ಆ ಪದ ಬೇಕೇ ಬೇಕು. ಹಾಗಾಗಿ ಫೇಡಿಂಗ್‌ಗೆ ‘ಏರಿಳಿತ’, ಅದರ ಆಳದ ಬಿಂದುವಿಗೆ ‘ಕುಸಿತ’ ಎಂದು ಇಟ್ಟುಕೊಂಡಿದ್ದೇನೆ.

ನಿಜವಾದ ತೊಡಕು ಇರುವುದು ‘ವೈವಿಧ್ಯ’ದಲ್ಲಿ. ‘ಆಂಟೆನಾ ವೈವಿಧ್ಯ’ ಎಂದ ಕೂಡಲೇ ಅಂಗಡಿಯಲ್ಲಿ ತೂಗುಹಾಕಿದ ಬಗೆಬಗೆಯ ಆಂಟೆನಾಗಳು ಕಣ್ಣಿಗೆ ಬರುತ್ತವೆ. ಇಲ್ಲಿ ಎರಡೂ ಆಂಟೆನಾ ಒಂದೇ ಥರದವು ಇರಬಹುದು. ಬೇರೆಯಾಗಿರಬೇಕಾದದ್ದು ಅವುಗಳಿಗೆ ಒದಗುವ ಏರಿಳಿತ. ಎರಡೂ ಒಟ್ಟೊಟ್ಟಿಗೆ ಕುಸಿಯಬಾರದು, ಅಷ್ಟೇ. ಒಂದೊಂದು ಆಂಟೆನಾವೂ ನೂರು ಸಲಕ್ಕೆ 10 ಸಲ ಕುಸಿತದಲ್ಲಿದ್ದು, ಒಂದರ ಏರಿಳಿತಕ್ಕೆ ಇನ್ನೊಂದರ ಹಂಗಿಲ್ಲದಿದ್ದರೆ, ಎರಡೂ ಕೂಡಿ ಕೈಕೊಡುವುದು ನೂರಕ್ಕೆ 1 ಸಲ ಮಾತ್ರ. ಡೈವರ್ಸಿಟಿಯ ಜೀವಾಳವೇ ಇದು. ಅಮೆರಿಕದ ರೇಡಿಯೊ ಕಂಪನಿ ಆರ್‌ಸಿಎಯ ಎಂಜಿನಿಯರುಗಳು ಶಾರ್ಟ್‌ವೇವ್ ಸಂದೇಶ ಹಿಡಿಯಲು ಆಂಟೆನಾಗಳನ್ನು ದೂರದೂರ ನೆಟ್ಟದ್ದು ಇದಕ್ಕಾಗಿಯೇ. ಅವರಲ್ಲಿ ಬೆವರೇಜ್ ಮತ್ತು ಪೀಟರ್ಸನ್ ಎಂಬಿಬ್ಬರು ಆ ವ್ಯವಸ್ಥೆಯನ್ನು 1931ರಲ್ಲಿ ವಿವರಿಸಿದರು.

ನಮ್ಮ ಕಡೆ ಮೈಕ್ ಸೆಟ್ ಹಾಕುವವರು ಇದನ್ನು ಬಹಳ ಚೆನ್ನಾಗಿ ಹೇಳುತ್ತಾರೆ. ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ಕಾರ್ಡ್‌ಲೆಸ್ ಮೈಕ್ ಬಾಡಿಗೆಗೆ ಕೇಳಿದಾಗ ಒಬ್ಬರು ಹೇಳಿದ್ದು: “ಎರಡ್ ಕಡ್ಡೀದು ಒಯ್ರಿ ಸರ್. ಒಂದ್ ಕಡ್ಡಿ ಹಿಡೀಲಿಲ್ಲಂದ್ರ ಇನ್ನೊಂದು ಹಿಡೀತದ.” ಆಂಟೆನಾಕ್ಕೆ ಕಡ್ಡಿ, ಗ್ರಹಣಕ್ಕೆ ಹಿಡಿತ. ‘ನೆಟ್ವರ್ಕ್ ಹಿಡೀವಲ್ದು’ ಎಂದು ದಿನವೂ ಆಡುವ ಮಾತೇ ತಾನೇ! ಇದರಿಂದ ‘ಇಬ್ಬಗೆ ಹಿಡಿತ’ ಎನ್ನೋಣವೆಂದರೆ ಮೂರು-ನಾಲ್ಕು ಆಂಟೆನಾ ಇದ್ದಾಗ ತೊಂದರೆ. ‘ಕವಲು ಹಿಡಿತ’ ಹೇಗೆ? ಇಂಗ್ಲಿಷಿನಲ್ಲೂ ಒಂದೊಂದು ಆಂಟೆನಾದ ದಾರಿಯನ್ನು ಬ್ರಾಂಚ್ ಎಂದೇ ಕರೆಯುತ್ತಾರೆ. ಡೈವರ್ಸಿಟಿಗೆ ‘ಬೇರ್ಮೆ’ (ಬೇರೆತನ) ಎಂಬ ಪದವನ್ನೂ ನೋಡಿದ್ದೇನೆ. ಅರ್ಥಕ್ಕೆ ಹತ್ತಿರವಿದೆ, ಆದರೆ ಈ ಭಾಗದ ಮಕ್ಕಳ ಕಿವಿಗೆ ಅದು ಹೊಸದು. ಅವರಿಗೆ ‘ಫರಕು’ ಹೆಚ್ಚು ಆಪ್ತ.

ಇನ್ನು ಸ್ವಿಚ್ ಆ್ಯಂಡ್ ಸ್ಟೇ. ಪ್ರತಿ ಆಂಟೆನಾಕ್ಕೂ ಒಂದೊಂದು ರಿಸೀವರ್ ಕೊಟ್ಟು ಸದಾ ಹೋಲಿಸಿ ನೋಡುವುದು ದುಬಾರಿ. ಈ ವಿಧಾನದಲ್ಲಿ ರಿಸೀವರ್ ಒಂದೇ, ನಡುವೆ ಒಂದು ಸ್ವಿಚ್. ಈಗಿನ ಕವಲಿನ ಬಲ ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗಿಳಿದರೆ ಇನ್ನೊಂದಕ್ಕೆ ಹೊರಳುತ್ತದೆ. ಹೊರಳುವ ಮುಂಚೆ ಆ ಕಡೆ ಹೇಗಿದೆ ಎಂದು ನೋಡುವುದಿಲ್ಲ. ಅದೂ ದುರ್ಬಲವಾಗಿದ್ದರೆ ಸದ್ಯಕ್ಕೆ ಅಲ್ಲೇ ನಿಲ್ಲುತ್ತದೆ. ‘ಲೋ ಕಾಂಪ್ಲೆಕ್ಸಿಟಿ’ ಎನ್ನುವುದು ಇದಕ್ಕೇ. ಅದಕ್ಕೆ ‘ಸರಳ’ ಎಂದರೆ ಕಲಿಯಲು ಸುಲಭ ಎಂದಾಗಿಬಿಡುತ್ತದೆ, ‘ಕಡಿಮೆ ತೊಡಕಿನ’ ಎಂದರೆ ಯಂತ್ರದ ಹೊರೆ ಕಡಿಮೆ ಎಂಬುದು ಉಳಿಯುತ್ತದೆ. ಇಡೀ ವಿಧಾನಕ್ಕೆ ನಾನು ಬರೆದಿರುವುದು ‘ಹೊರಳಿ ನಿಲ್ಲುವ ಕ್ರಮ’.

ಆ ಗೊತ್ತುಮಾಡಿದ ಮಟ್ಟಕ್ಕೆ, ಅಂದರೆ ಇಂಗ್ಲಿಷಿನ ಥ್ರೆಶೋಲ್ಡ್‌ಗೆ, ‘ಹೊಸ್ತಿಲು’ ಎನ್ನಲು ಮನಸ್ಸು ಒಪ್ಪುತ್ತಿಲ್ಲ. ಹೊಸ್ತಿಲನ್ನು ದಾಟಿ ಒಳಗೆ ಹೋಗುತ್ತೇವೆ. ಇಲ್ಲಿ ಮುಖ್ಯವಾದದ್ದು ಕೆಳಗಿಳಿಯುವುದು. ಮಟ್ಟವನ್ನು ತೀರಾ ಮೇಲಿಟ್ಟರೆ ಸ್ವಿಚ್ ಸುಮ್ಮನೆ ಅತ್ತಿತ್ತ ಹೊರಳಾಡುತ್ತದೆ, ತೀರಾ ಕೆಳಗಿಟ್ಟರೆ ಹೊರಳುವುದೇ ಇಲ್ಲ. ಎರಡರಲ್ಲೂ ಎರಡನೆಯ ಆಂಟೆನಾ ಇದ್ದೂ ಇಲ್ಲದಂತೆ. ‘ಹೊರಳುಮಟ್ಟ’ ಎಂದರೆ ಈ ಕೆಲಸ ಪದದಲ್ಲೇ ಕಾಣುತ್ತದೆ ಅನ್ನಿಸಿದೆ.

ತಿಳಿದವರಲ್ಲಿ ಕೇಳುವುದಿಷ್ಟು: ‘ಕವಲು ಹಿಡಿತ’ ಮೈಸೂರು, ಮಂಗಳೂರು ಕಡೆಯವರಿಗೂ ತಟ್ಟನೆ ಅರ್ಥವಾಗುತ್ತದೆಯೇ? ‘ಹೊರಳು’ ಎಂದರೆ ನಿಮ್ಮಲ್ಲಿ ನೆಲದ ಮೇಲೆ ಉರುಳುವುದು ಮಾತ್ರವೇ, ಇಲ್ಲಿನಂತೆ ಬೇರೆ ದಿಕ್ಕಿಗೆ ತಿರುಗುವುದೂ ಹೌದೇ? ಆಕಾಶವಾಣಿಯಲ್ಲೋ ದೂರಸಂಪರ್ಕದಲ್ಲೋ ಕೆಲಸ ಮಾಡಿದವರು ತಮ್ಮೊಳಗೆ ಬಳಸುತ್ತಿದ್ದ ಕನ್ನಡ ಮಾತುಗಳಿದ್ದರೆ, ಎಷ್ಟೇ ಒರಟಾಗಿರಲಿ, ದಯವಿಟ್ಟು ಬರೆಯಿರಿ.